ಮಂಡಿ ಆಪರೇಷನ್‌ಗೆ ಮುಂಚಿನ ನೋವಿನ ಮಾತ್ರೆ: ಗುರುತಿಸುವುದು, ಹೇಳುವುದು, ಇಳಿಸುವುದು ಹೇಗೆ

ಮಂಡಿ ಕೀಲು ಬದಲಾವಣೆಗೆ ದಿನ ಗೊತ್ತಾದ ಮನೆಯಲ್ಲಿ ತಯಾರಿ ಜೋರಾಗಿ ನಡೆಯುತ್ತದೆ. ಸಕ್ಕರೆಯನ್ನು ಹತೋಟಿಗೆ ತರುತ್ತಾರೆ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕೆಂದು ಕೇಳುತ್ತಾರೆ, ಹುಳುಕು ಹಲ್ಲು ತೆಗೆಸುತ್ತಾರೆ, ಬಚ್ಚಲಿಗೆ ಕಮೋಡ್ ಹಾಕಿಸುತ್ತಾರೆ. ಆದರೆ ತಿಂಗಳುಗಟ್ಟಲೆಯಿಂದ ಬೆಳಗ್ಗೆ ರಾತ್ರಿ ನುಂಗುತ್ತಿರುವ ನೋವಿನ ಮಾತ್ರೆಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ವೈದ್ಯರು ಕೇಳಿದರೂ ‘ಏನೋ ಒಂದು ನೋವಿನ ಮಾತ್ರೆ ಡಾಕ್ಟರೇ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಆ ‘ಏನೋ ಒಂದು’ ಮಾತ್ರೆ ಟ್ರಮಡಾಲ್ ಅಥವಾ ಟ್ಯಾಪೆಂಟಡಾಲ್ ಆಗಿದ್ದರೆ ಅದು ಅಫೀಮಿನ ಹಾಗೆಯೇ ಕೆಲಸ ಮಾಡುವ ಒಪಿಯಾಯ್ಡ್ ವರ್ಗಕ್ಕೆ ಸೇರಿದ್ದು. ಆಪರೇಷನ್‌ಗೆ ಮುಂಚೆ ಈ ವರ್ಗದ ಮಾತ್ರೆಗೆ ಒಗ್ಗಿಹೋದ ದೇಹ, ಆಪರೇಷನ್ ಆದಮೇಲೆ ಹೆಚ್ಚು ನೋವು ಅನುಭವಿಸುತ್ತದೆ, ತಡವಾಗಿ ಚೇತರಿಸಿಕೊಳ್ಳುತ್ತದೆ. ಇದನ್ನು ಸರಿಪಡಿಸಿಕೊಳ್ಳಲು ದಾರಿ ಇದೆ, ಸಮಯವೂ ಸಿಗುತ್ತದೆ. ಮಂಡಿ ಮತ್ತು ಸೊಂಟದ ಕೀಲು ಬದಲಾವಣೆ ಸಾಮಾನ್ಯವಾಗಿ ಮೊದಲೇ ನಿಗದಿಯಾಗುವ ಶಸ್ತ್ರಚಿಕಿತ್ಸೆ. ಕಾಯುವ ಆ ವಾರಗಳನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಇದನ್ನು ಓದಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸುವುದು ಏಕೆ ಅಪಾಯ ಎಂಬುದು ಮುಂದೆ ಬರುತ್ತದೆ.

ಹೆಜ್ಜೆ 1: ನಿಮ್ಮ ಮಾತ್ರೆ ಯಾವ ವರ್ಗದ್ದು ಎಂದು ಪತ್ತೆ ಮಾಡಿ

ಸ್ಟ್ರಿಪ್‌ನ ಹಿಂಬದಿ ತಿರುಗಿಸಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧದ ಹೆಸರನ್ನು ಓದಿ. ಕಣ್ಣು ಮಂಜಾಗಿದ್ದರೆ ಮಗನೋ ಮಗಳೋ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ತೋರಿಸಲಿ. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್, ಮಾರ್ಫಿನ್, ಬುಪ್ರೆನಾರ್ಫಿನ್, ಫೆಂಟನಿಲ್, ಪೆಂಟಾಜೋಸಿನ್ – ಇವುಗಳಲ್ಲಿ ಯಾವುದಿದ್ದರೂ ಅದು ಒಪಿಯಾಯ್ಡ್.

ನಮ್ಮಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಜೋಡಿ ಮಾತ್ರೆಗಳಲ್ಲಿ. ಮೂಳೆ ತಜ್ಞರ ಚೀಟಿಗಳಲ್ಲಿ ಕಾಣುವ ಅಲ್ಟ್ರಾಸೆಟ್‌ನಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್ ಮತ್ತು 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಪ್ಯಾರಾಸಿಟಮಾಲ್ ಹೆಸರು ಕಂಡ ಕೂಡಲೇ ಜ್ವರದ ಮಾತ್ರೆಯಷ್ಟೇ ಸೌಮ್ಯ ಎಂದುಕೊಳ್ಳುವವರು ಬಹಳ. ಹೊಟ್ಟೆ ನುಲಿತಕ್ಕೆ ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲೂ ಟ್ರಮಡಾಲ್ ಸೇರಿರುತ್ತದೆ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಕೊಡೀನ್ ಇರುತ್ತದೆ. ಬೆನ್ನಿಗೋ ತೋಳಿಗೋ ಅಂಟಿಸಿಕೊಂಡು ವಾರಕ್ಕೊಮ್ಮೆ ಬದಲಾಯಿಸುವ ಪಟ್ಟಿಯಲ್ಲಿ ಬುಪ್ರೆನಾರ್ಫಿನ್ ಇರಬಹುದು. ಅದು ಮಾತ್ರೆಯಲ್ಲವಾದ್ದರಿಂದ ಔಷಧದ ಪಟ್ಟಿ ಹೇಳುವಾಗ ಸುಲಭವಾಗಿ ಮರೆತುಹೋಗುತ್ತದೆ.

ಟ್ರಮಡಾಲ್ 2018ರ ಏಪ್ರಿಲ್‌ನಿಂದ ಮಾದಕವಸ್ತು ನಿಯಂತ್ರಣ ಕಾಯ್ದೆಯ ಅಡಿಯಲ್ಲಿದೆ. ಅಂತಹ ಔಷಧಗಳ ಸ್ಟ್ರಿಪ್ ಮೇಲೆ ‘ಎನ್‌ಆರ್‌ಎಕ್ಸ್’ ಎಂಬ ಕೆಂಪು ಗುರುತು ಇರಬೇಕು. ಹಾಗೆಂದು ಗುರುತು ಕಾಣದಿದ್ದರೆ ಒಪಿಯಾಯ್ಡ್ ಅಲ್ಲ ಎಂದು ತೀರ್ಮಾನಿಸಬೇಡಿ, ಹೆಸರನ್ನೇ ಓದಿ. ಡೈಕ್ಲೋಫೆನಾಕ್, ಏಸಿಕ್ಲೋಫೆನಾಕ್, ಎಟೋರಿಕಾಕ್ಸಿಬ್, ಬರೀ ಪ್ಯಾರಾಸಿಟಮಾಲ್, ಪ್ರೆಗಾಬಾಲಿನ್ – ಇವು ಒಪಿಯಾಯ್ಡ್ ಅಲ್ಲ. ಇವುಗಳಿಗೆ ಬೇರೆ ಎಚ್ಚರಿಕೆಗಳಿವೆ, ಆದರೆ ಈ ಬರಹದ ಲೆಕ್ಕದೊಳಗೆ ಬರುವುದಿಲ್ಲ.

ಇನ್ನು ಹೆಸರೇ ಇಲ್ಲದ ಪೊಟ್ಟಣಗಳು. ಸಂತೆಯಲ್ಲೋ ಪರಿಚಯದವರ ಮೂಲಕವೋ ತಂದ, ‘ಕೀಲು ನೋವಿಗೆ ರಾಮಬಾಣ’ ಎನ್ನುವ ಪುಡಿ ನಿಮ್ಮಲ್ಲಿದ್ದರೆ ಅದನ್ನೂ ಪೊಟ್ಟಣದ ಸಮೇತ ವೈದ್ಯರಿಗೆ ತೋರಿಸಿ. ಇಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹಲವು ಸಲ ಪತ್ತೆಯಾಗಿದೆ. ಬಹುಕಾಲ ಸ್ಟೀರಾಯ್ಡ್ ಸೇವಿಸಿದ ದೇಹದಲ್ಲಿ ಆಪರೇಷನ್ ಸಮಯಕ್ಕೆ ರಕ್ತದೊತ್ತಡ ಕುಸಿಯಬಹುದು, ಗಾಯ ಮಾಯುವುದು ತಡವಾಗಬಹುದು. ಅರಿವಳಿಕೆ ತಜ್ಞರಿಗೆ ಇದು ತಿಳಿದಿರಲೇಬೇಕು.

ಹೆಜ್ಜೆ 2: ದಿನಕ್ಕೆ ಎಷ್ಟು, ಎಷ್ಟು ಕಾಲದಿಂದ – ಬರೆದಿಡಿ

ಒಂದು ವಾರ ಕ್ಯಾಲೆಂಡರ್ ಮೇಲೆಯೇ ಗುರುತು ಹಾಕಿ: ಎಷ್ಟು ಹೊತ್ತಿಗೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಏಕೆ ತೆಗೆದುಕೊಂಡಿರಿ. ಕೊನೆಯ ಪ್ರಶ್ನೆ ಮುಖ್ಯ. ಮೆಟ್ಟಿಲು ಹತ್ತಿ ನೋವಾದ್ದಕ್ಕೋ, ನಿದ್ದೆ ಬರಲಿ ಎಂದೋ, ನೋವಿಲ್ಲದಿದ್ದರೂ ‘ತೆಗೆದುಕೊಳ್ಳದಿದ್ದರೆ ಮೈ ಒಂದು ಥರಾ ಆಗುತ್ತದೆ’ ಎಂದೋ? ಮೂರನೆಯ ಉತ್ತರ ಬಂದರೆ ದೇಹ ಮಾತ್ರೆಗೆ ಒಗ್ಗಿದೆ ಎಂದರ್ಥ. ಅದು ತಪ್ಪಲ್ಲ, ಅವಮಾನವೂ ಅಲ್ಲ. ಔಷಧದ ಗುಣವೇ ಅದು.

ವೈದ್ಯರು ಬೇರೆ ಬೇರೆ ಒಪಿಯಾಯ್ಡ್‌ಗಳನ್ನು ಹೋಲಿಸಲು ಎಲ್ಲವನ್ನೂ ಮಾರ್ಫಿನ್‌ನ ಲೆಕ್ಕಕ್ಕೆ ತರುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2022ರ ಮಾರ್ಗಸೂಚಿಯ ಪ್ರಕಾರ ಟ್ರಮಡಾಲ್‌ನ ಮಿಲಿಗ್ರಾಂಗಳನ್ನು 0.2ರಿಂದ, ಟ್ಯಾಪೆಂಟಡಾಲ್‌ನದನ್ನು 0.4ರಿಂದ, ಕೊಡೀನ್‌ನದನ್ನು 0.15ರಿಂದ ಗುಣಿಸಬೇಕು. 50 ಮಿಲಿಗ್ರಾಂ ಟ್ರಮಡಾಲ್ ದಿನಕ್ಕೆ ಮೂರು ಬಾರಿ ಎಂದರೆ 150 ಮಿಲಿಗ್ರಾಂ. ಅದು 30 ಮಿಲಿಗ್ರಾಂ ಮಾರ್ಫಿನ್‌ಗೆ ಸಮ. 100 ಮಿಲಿಗ್ರಾಂ ಟ್ಯಾಪೆಂಟಡಾಲ್ ದಿನಕ್ಕೆರಡು ಎಂದರೆ 80 ಮಿಲಿಗ್ರಾಂಗೆ ಸಮ. ದಿನಕ್ಕೆ 50 ಮಿಲಿಗ್ರಾಂ ದಾಟಿದರೆ ಲಾಭಕ್ಕಿಂತ ಅಪಾಯದ ಪಾಲು ಹೆಚ್ಚುತ್ತದೆ ಎಂದು ಅದೇ ಮಾರ್ಗಸೂಚಿ ಎಚ್ಚರಿಸುತ್ತದೆ. ಎರಡೇ ಮಾತ್ರೆ ಎಂದುಕೊಂಡದ್ದು ಈ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ನೋಡಿದವರು ಬೆಚ್ಚುವುದುಂಟು. ಈ ಗುಣಾಕಾರ ಅಂದಾಜಿಗೆ ಮಾತ್ರ. ಇದನ್ನು ಹಿಡಿದು ಒಂದು ಮಾತ್ರೆಯ ಬದಲಿಗೆ ಇನ್ನೊಂದನ್ನು ನೀವೇ ಬದಲಾಯಿಸಿಕೊಳ್ಳಬಾರದು.

ಹೆಜ್ಜೆ 3: ಚೇತರಿಕೆಗೆ ಪೆಟ್ಟು ಬೀಳುವುದು ಹೇಗೆಂದು ತಿಳಿದುಕೊಳ್ಳಿ

ಕಾರಣ ಗೊತ್ತಿಲ್ಲದೆ ಮಾತ್ರೆ ಇಳಿಸುವ ಕಷ್ಟವನ್ನು ಯಾರೂ ಹೊರಲಾರರು. ಅದಕ್ಕೇ ಈ ಭಾಗಕ್ಕೆ ಸ್ವಲ್ಪ ಸಮಯ ಕೊಡಿ.

ಒಪಿಯಾಯ್ಡ್ ಮೆದುಳು ಮತ್ತು ಬೆನ್ನುಹುರಿಯಲ್ಲಿರುವ ಗ್ರಾಹಿಗಳ (ಔಷಧ ಬಂದು ಅಂಟಿಕೊಳ್ಳುವ ತಾಣಗಳ) ಮೇಲೆ ಕೂತು ನೋವಿನ ಸಂದೇಶವನ್ನು ತಡೆಯುತ್ತದೆ. ತಿಂಗಳುಗಟ್ಟಲೆ ಹೀಗಾದಾಗ ಗ್ರಾಹಿಗಳು ಮಂಕಾಗುತ್ತವೆ. ದಿನವಿಡೀ ಮಗ್ಗದ ಸದ್ದಿನ ನಡುವೆ ಕೆಲಸ ಮಾಡುವವರ ಕಿವಿಗೆ ಮೆಲುಮಾತು ಕೇಳಿಸದ ಹಾಗೆ, ಮೊದಲಿನ ಪ್ರಮಾಣ ಅವುಗಳಿಗೆ ನಾಟುವುದಿಲ್ಲ. ಈ ಒಗ್ಗುವಿಕೆ ಒಂದು ಕಡೆ. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದು ಕಡೆ: ಬಹುಕಾಲದ ಬಳಕೆಯಿಂದ ಕೆಲವರ ನರಮಂಡಲ ನೋವಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ನೋವು ತಗ್ಗಿಸಲು ತೆಗೆದುಕೊಂಡ ಔಷಧವೇ ನೋವಿನ ಹೊಸ್ತಿಲನ್ನು ಕೆಳಗಿಳಿಸಿರುತ್ತದೆ. ಮಂಡಿ ಸವೆದದ್ದಕ್ಕಷ್ಟೇ ನೋವು ಹೆಚ್ಚಾಯಿತು ಎಂದುಕೊಂಡು ಮಾತ್ರೆ ಏರಿಸುತ್ತಾ ಹೋದವರಲ್ಲಿ ಕೆಲವರ ಕಥೆ ಇದೇ.

ಈಗ ಆಪರೇಷನ್ ದಿನವನ್ನು ನೆನೆಯಿರಿ. ಮೂಳೆ ಕತ್ತರಿಸಿ ಲೋಹದ ಕೀಲು ಕೂರಿಸಿರುತ್ತಾರೆ. ಅಂದಿನ ನೋವಿಗೆ ಬೇರೆಯವರಿಗೆ ಸಾಕಾಗುವ ಔಷಧ ನಿಮಗೆ ಸಾಲುವುದಿಲ್ಲ. ಪ್ರಮಾಣ ಏರಿಸಿದರೆ ಮಂಪರು, ವಾಕರಿಕೆ, ಮೂತ್ರ ಕಟ್ಟುವುದು, ಮಲಬದ್ಧತೆ, ವಯಸ್ಸಾದವರಲ್ಲಿ ಹೊತ್ತು ಗೊತ್ತು ತಪ್ಪುವ ಸನ್ನಿ – ಎಲ್ಲವೂ ಏರುತ್ತವೆ. ಉಸಿರಾಟ ಮಂದವಾಗುವ ಅಪಾಯವೂ ಇದೆ. ನೋವಿನ ವಿಷಯದಲ್ಲಿ ದೇಹ ಎಷ್ಟು ಒಗ್ಗಿರುತ್ತದೋ ಉಸಿರಿನ ವಿಷಯದಲ್ಲಿ ಅಷ್ಟೇ ಒಗ್ಗಿರುತ್ತದೆ ಎಂಬ ಭರವಸೆ ಇಲ್ಲ.

ಮಂಡಿ ಆಪರೇಷನ್‌ನಲ್ಲಿ ಇದರ ಬೆಲೆ ತೆರಬೇಕಾದ ಜಾಗ ಫಿಸಿಯೊಥೆರಪಿ. ಮೊದಲ ಕೆಲವು ವಾರಗಳಲ್ಲಿ ಮಂಡಿಯನ್ನು ಪೂರ್ತಿ ಚಾಚುವುದು, 90 ಡಿಗ್ರಿ ಮತ್ತು ಅದರಾಚೆಗೆ ಮಡಿಸುವುದು – ಇವೇ ಹೊಸ ಕೀಲಿನ ಭವಿಷ್ಯವನ್ನು ನಿರ್ಧರಿಸುತ್ತವೆ. ನೋವಿಗೆ ಹೆದರಿ ಮಡಿಸದೆ ಬಿಟ್ಟರೆ ಒಳಗೆ ಗಾಯದ ಅಂಗಾಂಶ ಗಟ್ಟಿಯಾಗಿ ಮಂಡಿ ಬಿಗಿದುಕೊಳ್ಳುತ್ತದೆ. ಆಗ ಮತ್ತೆ ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಿಸಬೇಕಾಗಬಹುದು. ಶಸ್ತ್ರಚಿಕಿತ್ಸಕರ ಕೈ ಎಷ್ಟೇ ನುರಿತದ್ದಾದರೂ ಈ ಕೆಲಸವನ್ನು ಅವರು ನಿಮ್ಮ ಪರವಾಗಿ ಮಾಡಲಾರರು.

ಅಧ್ಯಯನಗಳು ಹೇಳುವುದೂ ಇದನ್ನೇ. 2011ರಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ, ಆಪರೇಷನ್‌ಗೆ ಮುಂಚೆ ದೀರ್ಘಕಾಲ ಒಪಿಯಾಯ್ಡ್ ಬಳಸಿದವರ 49 ಮಂಡಿಗಳನ್ನು ಬಳಸದವರ ಅಷ್ಟೇ ಮಂಡಿಗಳ ಜೊತೆ ಹೋಲಿಸಿತು. ಬಳಸಿದವರಲ್ಲಿ ಎಂಟು ಮಂಡಿಗಳಿಗೆ ಬಿಗಿತ ಅಥವಾ ತೀರದ ನೋವಿನ ಕಾರಣಕ್ಕೆ ಮರು ಆಪರೇಷನ್ ಆಗಿತ್ತು. ಬಳಸದವರಲ್ಲಿ ಒಂದಕ್ಕೂ ಆಗಿರಲಿಲ್ಲ. 2017ರ ಇನ್ನೊಂದು ಅಧ್ಯಯನ 156 ಜನರನ್ನು ಆರು ತಿಂಗಳು ಹಿಂಬಾಲಿಸಿತು. ನೂರು ಅಂಕಗಳ ನೋವಿನ ಮಾಪಕದಲ್ಲಿ ಒಪಿಯಾಯ್ಡ್ ಬಳಸದವರ ನೋವು ಸರಾಸರಿ 33.6 ಅಂಕ ಇಳಿದಿದ್ದರೆ, ಮುಂಚೆ ಬಳಸಿದವರದು ಇಳಿದದ್ದು 27 ಅಂಕ. ಇಬ್ಬರಿಗೂ ಆಪರೇಷನ್‌ನಿಂದ ಅನುಕೂಲವಾಗಿದೆ, ಆದರೆ ಒಬ್ಬರಿಗೆ ಕಡಿಮೆ. ಮಾತ್ರೆ ತೆಗೆದುಕೊಂಡಿದ್ದೀರಿ ಎಂಬ ಕಾರಣಕ್ಕೆ ಆಪರೇಷನ್ನೇ ವ್ಯರ್ಥ ಎಂದು ಯಾರೂ ಎದೆಗುಂದಬೇಕಾಗಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಒಪಿಯಾಯ್ಡ್ ಬಳಸುವವರು ಮೊದಲೇ ಹೆಚ್ಚು ನೋವು, ಖಿನ್ನತೆ, ಬೇರೆ ಕಾಯಿಲೆಗಳನ್ನು ಹೊತ್ತು ಬಂದಿರಬಹುದು. ಆದ್ದರಿಂದ ವ್ಯತ್ಯಾಸದ ಪೂರ್ತಿ ಹೊಣೆಯನ್ನು ಮಾತ್ರೆಯೊಂದರ ತಲೆಗೇ ಕಟ್ಟಲಾಗದು. ಈ ಅಧ್ಯಯನಗಳು ನಡೆದ ಅಮೆರಿಕದ ರೋಗಿಗಳು ಬಳಸುವುದು ಬಹುಪಾಲು ಆಕ್ಸಿಕೊಡೋನ್, ಹೈಡ್ರೊಕೊಡೋನ್. ನಮ್ಮವರು ಬಳಸುವುದು ಟ್ರಮಡಾಲ್, ಟ್ಯಾಪೆಂಟಡಾಲ್. ಅಂಕಿಗಳನ್ನು ಇದ್ದ ಹಾಗೆಯೇ ಇಲ್ಲಿಗೆ ತಂದು ಕೂರಿಸಬಾರದು. ಆದರೆ ಗ್ರಾಹಿಗಳು ಎಲ್ಲರ ದೇಹದಲ್ಲೂ ಒಂದೇ. ಟ್ರಮಡಾಲ್ ‘ಹಗುರ’ ಔಷಧ ಎಂಬ ನಂಬಿಕೆ ನಮ್ಮಲ್ಲಿ ಅತಿಯಾಗಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 4: ಮೊದಲ ಭೇಟಿಯಲ್ಲೇ ಹೇಳಿ

ಆಪರೇಷನ್ ಹಿಂದಿನ ರಾತ್ರಿ ಅರಿವಳಿಕೆ ತಜ್ಞರು ವಾರ್ಡಿಗೆ ಬಂದು ಕೇಳಿದಾಗ ಹೇಳಿದರೆ ಅವರು ಔಷಧದ ಪ್ರಮಾಣವನ್ನು ಹೊಂದಿಸಿಕೊಳ್ಳಬಹುದು ಅಷ್ಟೇ, ಇಳಿಸಲು ಸಮಯ ಇರುವುದಿಲ್ಲ. ಆಪರೇಷನ್ ಬೇಕು ಎಂದು ತೀರ್ಮಾನವಾದ ದಿನವೇ ಮೂಳೆ ತಜ್ಞರ ಮುಂದೆ ಚೀಟಿ, ಸ್ಟ್ರಿಪ್, ಬರೆದಿಟ್ಟ ಲೆಕ್ಕ ಇಡಿ. ಹೀಗೆ ಹೇಳಿದರೆ ಸಾಕು: ‘ಡಾಕ್ಟರೇ, ಎಂಟು ತಿಂಗಳಿಂದ ದಿನಕ್ಕೆ ಇಷ್ಟು ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದೇನೆ. ಒಂದು ಹೊತ್ತು ತಪ್ಪಿದರೆ ಬೆವರು, ಚಡಪಡಿಕೆ ಆಗುತ್ತದೆ. ಆಪರೇಷನ್‌ಗೆ ಮುಂಚೆ ಇದನ್ನು ಕಡಿಮೆ ಮಾಡಲು ದಾರಿ ಹೇಳಿ.’

ಇದನ್ನು ಮುಚ್ಚಿಡುವವರು ಹೆಚ್ಚು. ಟ್ಯಾಪೆಂಟಡಾಲ್ ಮಾತ್ರೆಯನ್ನು ನಶೆಗೆ ಬಳಸಿ ಸಿಕ್ಕಿಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುವಾಗ, ಅರವತ್ತೈದು ದಾಟಿದ ತಾಯಿಯೊಬ್ಬರು ತಾನೂ ಅದನ್ನೇ ನುಂಗುತ್ತಿದ್ದೇನೆ ಎನ್ನಲು ಹಿಂಜರಿಯುವುದು ಸಹಜ. ಕೆಲವರು ಹಳೆಯ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ಮಾತ್ರೆ ತರಿಸಿಕೊಂಡಿರುತ್ತಾರೆ. ಅಂಗಡಿಯವನಿಗೆ ತೊಂದರೆಯಾದೀತೆಂದು ಸುಮ್ಮನಿರುತ್ತಾರೆ. ನಿಮ್ಮ ವೈದ್ಯರಿಗೆ ಬೇಕಾದದ್ದು ಪ್ರಮಾಣ ಮತ್ತು ಅವಧಿ. ಅಂಗಡಿಯ ಹೆಸರಲ್ಲ. ಮನೆಯವರಲ್ಲಿ ನನ್ನ ಕೋರಿಕೆ: ಅಮ್ಮನೋ ಅಪ್ಪನೋ ಇದನ್ನು ಹೇಳುವಾಗ ‘ಚಟ’ ಎಂಬ ಶಬ್ದ ಬಳಸಬೇಡಿ. ಅವರು ನೋವು ತಡೆಯಲಾರದೆ ನುಂಗಿದ್ದಾರೆ.

ಜೊತೆಗೆ ಹೇಳಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಮದ್ಯ, ನಿದ್ದೆ ಮಾತ್ರೆ, ಅಲ್ಪ್ರಜೋಲಾಂನಂತಹ ಆತಂಕದ ಮಾತ್ರೆ, ಪ್ರೆಗಾಬಾಲಿನ್ – ಇವು ಒಪಿಯಾಯ್ಡ್ ಜೊತೆ ಸೇರಿದರೆ ಉಸಿರಾಟವನ್ನು ಇನ್ನಷ್ಟು ಮಂದಗೊಳಿಸುತ್ತವೆ. ಜೋರು ಗೊರಕೆ ಮತ್ತು ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ಪಕ್ಕದಲ್ಲಿ ಮಲಗುವವರೇ ಹೇಳಬೇಕು. ಖಿನ್ನತೆಯ ಮಾತ್ರೆಗಳ ಜೊತೆ ಟ್ರಮಡಾಲ್ ಬೆರೆತರೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಅತಿಯಾಗಿ ನಡುಕ, ಜ್ವರ, ಗೊಂದಲ ಬರಬಹುದು. ಫಿಟ್ಸ್ ಬಂದ ಇತಿಹಾಸವಿರುವವರಿಗಂತೂ ಟ್ರಮಡಾಲ್ ಹೊಂದುವುದಿಲ್ಲ. ಕುಡಿತ ಬಿಡಿಸಲು ನಾಲ್ಟ್ರೆಕ್ಸೋನ್ ಮಾತ್ರೆ ನಡೆಯುತ್ತಿದ್ದರೆ ಅದನ್ನು ಖಂಡಿತ ಹೇಳಿ. ಅದು ಒಪಿಯಾಯ್ಡ್ ಗ್ರಾಹಿಗಳನ್ನು ಮುಚ್ಚಿಬಿಡುವುದರಿಂದ ಆಪರೇಷನ್ ನಂತರದ ಔಷಧ ಹತ್ತುವುದೇ ಇಲ್ಲ. ಮಾತ್ರೆಯಾದರೆ ಸುಮಾರು ಮೂರು ದಿನ ಮುಂಚೆ, ತಿಂಗಳ ಇಂಜೆಕ್ಷನ್ ಆದರೆ ಸುಮಾರು ನಾಲ್ಕು ವಾರ ಮುಂಚೆ ನಿಲ್ಲಿಸುವ ಯೋಜನೆಯನ್ನು ಮನೋವೈದ್ಯರು ಮತ್ತು ಅರಿವಳಿಕೆ ತಜ್ಞರು ಸೇರಿ ಮಾಡುತ್ತಾರೆ.

ಹೆಜ್ಜೆ 5: ವೈದ್ಯರ ಜೊತೆ ಸೇರಿ ನಿಧಾನವಾಗಿ ಇಳಿಸಿ

ಭರವಸೆ ಇರುವುದು ಇಲ್ಲಿ. 2016ರಲ್ಲಿ ಅಮೆರಿಕದ ವೈದ್ಯರು ಕೀಲು ಬದಲಾವಣೆಯ 123 ರೋಗಿಗಳನ್ನು 41 ಜನರ ಮೂರು ಗುಂಪುಗಳಲ್ಲಿ ಹೋಲಿಸಿದರು: ಒಪಿಯಾಯ್ಡ್ ಬಳಸುತ್ತಿದ್ದು ಆಪರೇಷನ್‌ಗೆ ಮುಂಚೆ ಅರ್ಧಕ್ಕೆ ಇಳಿಸಿದವರು, ಇಳಿಸದವರು, ಬಳಸದೇ ಇದ್ದವರು. ಅರ್ಧಕ್ಕೆ ಇಳಿಸಿದವರ ಫಲಿತಾಂಶ ಇಳಿಸದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿತ್ತು. ಅಷ್ಟೇ ಅಲ್ಲ, ಬಳಸದೇ ಇದ್ದವರ ಹತ್ತಿರಕ್ಕೆ ಬಂದಿತ್ತು. ಸಣ್ಣ ಅಧ್ಯಯನ ನಿಜ, ಆದರೆ ಅದು ತೋರಿಸುವ ಗುರಿ ಎಟುಕುವಂಥದ್ದು. ಸೊನ್ನೆಗೆ ಬರಲಾಗದಿದ್ದರೂ ಅರ್ಧಕ್ಕೆ ಬಂದರೂ ಲಾಭವಿದೆ.

ಇಳಿಸುವ ವೇಗ ನೀವು ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಅವಲಂಬಿಸಿದೆ. ಕೆಲವು ವಾರ ಅಥವಾ ತಿಂಗಳುಗಳ ಬಳಕೆಯಾದರೆ ವಾರಕ್ಕೆ ಹತ್ತನೇ ಒಂದು ಭಾಗದಷ್ಟು. ಒಂದು ವರ್ಷ ಮೀರಿದ್ದರೆ ತಿಂಗಳಿಗೆ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ನಿಧಾನ. ಅಮೆರಿಕದ 2022ರ ಮಾರ್ಗಸೂಚಿಯ ಸಲಹೆ ಹೀಗಿದೆ. ಮೊದಲ ಗುಂಪಿನವರು ಐದಾರು ವಾರಗಳಲ್ಲಿ ಅರ್ಧಕ್ಕೆ ಬರಬಹುದು. ಎರಡನೆಯವರಿಗೆ ತಿಂಗಳುಗಳೇ ಬೇಕು, ಅದಕ್ಕಾಗಿ ಆಪರೇಷನ್ ದಿನವನ್ನು ಸ್ವಲ್ಪ ಮುಂದೂಡಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಮಾತ್ರೆಗಳು ನಿಗದಿತ ಅಳತೆಯಲ್ಲೇ ಸಿಗುವುದರಿಂದ ಲೆಕ್ಕ ಇಷ್ಟು ನಯವಾಗಿ ಕೂರುವುದಿಲ್ಲ. ವೈದ್ಯರು ಕಡಿಮೆ ಶಕ್ತಿಯ ಮಾತ್ರೆಗೆ ಬದಲಿಸಬಹುದು, ಅಥವಾ ದಿನದ ನಾಲ್ಕು ಹೊತ್ತಿನಲ್ಲಿ ನಿಮಗೆ ಅತಿ ಕಡಿಮೆ ಅಗತ್ಯವಿರುವ ಹೊತ್ತಿನದನ್ನು ಮೊದಲು ತೆಗೆಯಬಹುದು. ಇಲ್ಲಿಯೇ ಎರಡನೇ ಹೆಜ್ಜೆಯ ಕ್ಯಾಲೆಂಡರ್ ಉಪಯೋಗಕ್ಕೆ ಬರುತ್ತದೆ. ‘ಎಸ್‌ಆರ್’ ಅಥವಾ ‘ಇಆರ್’ ಎಂದು ಬರೆದ, ನಿಧಾನವಾಗಿ ಕರಗುವ ಮಾತ್ರೆಯನ್ನು ಮುರಿಯಬೇಡಿ, ಪುಡಿ ಮಾಡಬೇಡಿ. ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಸೇರಿಬಿಡುತ್ತದೆ.

ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಆಕಳಿಕೆ, ಮೂಗು ಸೋರುವುದು, ಬೆವರು, ಹೊಟ್ಟೆ ನುಲಿತ, ಭೇದಿ, ಕಾಲುಗಳಲ್ಲಿ ಚಡಪಡಿಕೆ, ನಿದ್ದೆಗೇಡು ಶುರುವಾಗುತ್ತವೆ. ಟ್ರಮಡಾಲ್ ಬೇರೆ ರಾಸಾಯನಿಕಗಳ ಮೇಲೂ ಕೆಲಸ ಮಾಡುವುದರಿಂದ ಕೆಲವರಿಗೆ ತೀವ್ರ ಭಯ, ಮೈಯಲ್ಲಿ ಜುಮುಗುಡುವಿಕೆ, ಗೊಂದಲವೂ ಬರುತ್ತದೆ. ಒಪಿಯಾಯ್ಡ್‌ಗಳನ್ನು ದಿಢೀರನೆ ನಿಲ್ಲಿಸುವುದರಿಂದ ತೀವ್ರ ನೋವು, ಆತ್ಮಹತ್ಯೆಯ ಯೋಚನೆಯೂ ಬರಬಹುದೆಂದು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಇಳಿಸುವಾಗ ಇಂತಹ ಲಕ್ಷಣ ಕಂಡರೆ ಸೋತಿರಿ ಎಂದಲ್ಲ. ಅದೇ ಪ್ರಮಾಣದಲ್ಲಿ ಒಂದೆರಡು ವಾರ ನಿಂತು ಮುಂದುವರಿಯಬೇಕು ಎಂದು ಅರ್ಥ. ವೈದ್ಯರಿಗೆ ಫೋನ್ ಮಾಡಿ.

ಮಾತ್ರೆ ಬಿಟ್ಟ ಜಾಗವನ್ನು ಖಾಲಿ ಬಿಡಬಾರದು. ಹೊತ್ತಿಗೆ ಸರಿಯಾಗಿ ಪ್ಯಾರಾಸಿಟಮಾಲ್ ಅನೇಕರಿಗೆ ಆಸರೆಯಾಗುತ್ತದೆ. ಆರೋಗ್ಯವಂತ ವಯಸ್ಕರಿಗೆ ಎಲ್ಲ ಮೂಲಗಳೂ ಸೇರಿ ದಿನಕ್ಕೆ 4 ಗ್ರಾಂ ಮೀರಬಾರದು. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ, ಮದ್ಯ ಸೇವಿಸುವವರಿಗೆ ಮಿತಿ ಇನ್ನೂ ಕೆಳಗೆ. ಜೋಡಿ ಮಾತ್ರೆಯೊಳಗಿನ 325 ಮಿಲಿಗ್ರಾಂ ಕೂಡ ಈ ಲೆಕ್ಕಕ್ಕೆ ಸೇರುತ್ತದೆ. ಎಟೋರಿಕಾಕ್ಸಿಬ್‌ನಂತಹ ಉರಿಯೂತದ ಮಾತ್ರೆಗಳನ್ನು ಕಿಡ್ನಿ, ಹೃದಯ, ಹೊಟ್ಟೆ ಹುಣ್ಣಿನ ಸ್ಥಿತಿ ನೋಡಿ ವೈದ್ಯರೇ ಬರೆಯಬೇಕು. ಡೈಕ್ಲೋಫೆನಾಕ್ ಜೆಲ್ ಹಚ್ಚುವುದು ಅದಕ್ಕಿಂತ ಸುರಕ್ಷಿತ. ಕೋಲನ್ನು ನೋವಿರುವ ಮಂಡಿಯ ಎದುರು ಕೈಯಲ್ಲಿ ಹಿಡಿಯಿರಿ. ಹೆಚ್ಚಿನವರು ನೋವಿನ ಕಡೆಯೇ ಹಿಡಿದು ಲಾಭ ಕಳೆದುಕೊಳ್ಳುತ್ತಾರೆ. ಮಲಗಿ ಕಾಲು ನೀಡಿ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿದು ಐದು ಎಣಿಸಿ ಸಡಿಲಿಸುವ ವ್ಯಾಯಾಮವನ್ನು ಈಗಲೇ ಶುರು ಮಾಡಿ. ಆಪರೇಷನ್ ನಂತರ ಎದ್ದು ನಿಲ್ಲಿಸುವುದು ಆ ಸ್ನಾಯುವೇ. ತೂಕ ಒಂದು ಕಿಲೊ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೊ ಇಳಿಯುತ್ತದೆ. ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಮೊದಲು ಶಸ್ತ್ರಚಿಕಿತ್ಸಕರನ್ನು ಕೇಳಿ, ಏಕೆಂದರೆ ಆಪರೇಷನ್‌ಗೆ ಹಿಂದಿನ ಮೂರು ತಿಂಗಳೊಳಗೆ ಹಾಕಿಸಿದರೆ ಹೊಸ ಕೀಲಿಗೆ ಸೋಂಕು ತಗಲುವ ಸಂಭವ ಹೆಚ್ಚು.

ಎಲ್ಲರೂ ಇಳಿಸಬೇಕಾಗಿಲ್ಲ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರು, ವ್ಯಸನದ ಚಿಕಿತ್ಸೆಯಾಗಿ ಬುಪ್ರೆನಾರ್ಫಿನ್ ತೆಗೆದುಕೊಳ್ಳುವವರು ಮುಂದುವರಿಸುವುದೇ ಸಾಮಾನ್ಯವಾಗಿ ಸರಿ. ಬಿದ್ದು ಸೊಂಟದ ಮೂಳೆ ಮುರಿದವರಿಗೆ ಇಳಿಸುವ ಸಮಯವೇ ಇರುವುದಿಲ್ಲ. ಅಲ್ಲಿ ತಡಮಾಡದೆ ಆಪರೇಷನ್ ಆಗುವುದು ಮುಖ್ಯ. ಏನು ಸೇವಿಸುತ್ತಿದ್ದರು ಎಂದು ತುರ್ತು ವಿಭಾಗದಲ್ಲೇ ತಿಳಿಸಿದರೆ ಸಾಕು.

ಹೆಜ್ಜೆ 6: ಆಪರೇಷನ್ ದಿನ

ಉಳಿದಿರುವ ಪ್ರಮಾಣವನ್ನು ಅಂದು ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಸಾಮಾನ್ಯವಾಗಿ ಹೇಳುತ್ತಾರೆ. ‘ಏನೂ ತಿನ್ನಬಾರದು’ ಎಂಬ ಸೂಚನೆಯನ್ನು ಮಾತ್ರೆಗೂ ಅನ್ವಯಿಸಿಕೊಂಡು ತಪ್ಪಿಸಬೇಡಿ, ಅರಿವಳಿಕೆ ತಜ್ಞರನ್ನು ಸ್ಪಷ್ಟವಾಗಿ ಕೇಳಿ. ಚರ್ಮಕ್ಕೆ ಅಂಟಿಸಿದ ಪಟ್ಟಿ ಇದ್ದರೆ ಎಲ್ಲಿದೆ ಎಂದು ತೋರಿಸಿ. ಫೆಂಟನಿಲ್ ಪಟ್ಟಿಗೆ ಶಾಖ ತಾಗಿದರೆ ಔಷಧ ವೇಗವಾಗಿ ಒಳಸೇರುತ್ತದೆ, ಆಪರೇಷನ್ ಕೋಣೆಯಲ್ಲಿ ರೋಗಿಯನ್ನು ಬೆಚ್ಚಗಿಡುವ ಹೊದಿಕೆಗಳಿರುತ್ತವೆ. ಬೆನ್ನಿಗೆ ಕೊಡುವ ಅರಿವಳಿಕೆ, ತೊಡೆಯ ನರಕ್ಕೆ ಕೊಡುವ ಬ್ಲಾಕ್, ಕೀಲಿನ ಸುತ್ತ ಹಾಕುವ ಮರಗಟ್ಟಿಸುವ ಇಂಜೆಕ್ಷನ್, ಸಣ್ಣ ಪ್ರಮಾಣದ ಕೆಟಮಿನ್ ಎಂಬ ಅರಿವಳಿಕೆ ಔಷಧ – ನಿಮ್ಮ ವಿಷಯ ಮೊದಲೇ ತಿಳಿದಿದ್ದರೆ ಇವುಗಳನ್ನು ಜೋಡಿಸಿ ಒಪಿಯಾಯ್ಡ್ ಅಗತ್ಯವನ್ನು ಕಡಿಮೆ ಮಾಡಲು ಅವರಿಗೆ ಅವಕಾಶ ಸಿಗುತ್ತದೆ.

ಹೆಜ್ಜೆ 7: ವಾರ್ಡಿನಲ್ಲಿ

ನೋವು ಪೂರ್ತಿ ಹೋಗಬೇಕು ಎಂದು ನಿರೀಕ್ಷಿಸಬೇಡಿ. ಎದ್ದು ನಾಲ್ಕು ಹೆಜ್ಜೆ ಇಡುವಷ್ಟು, ಮಂಡಿ ಮಡಿಸುವಷ್ಟು, ರಾತ್ರಿ ನಿದ್ದೆ ಬರುವಷ್ಟು ತಗ್ಗಿದರೆ ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ. ಫಿಸಿಯೊಥೆರಪಿಸ್ಟ್ ಬರುವ ಹೊತ್ತನ್ನು ಕೇಳಿಕೊಂಡು, ನೋವಿನ ಔಷಧವನ್ನು ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಕೊಡುವಂತೆ ನರ್ಸ್‌ಗೆ ಹೇಳಿ. ಇಷ್ಟು ಸಣ್ಣ ಹೊಂದಾಣಿಕೆಯಿಂದ ವ್ಯಾಯಾಮದ ಸ್ವರೂಪವೇ ಬದಲಾಗುತ್ತದೆ. ಮಂಜುಗಡ್ಡೆಯ ಚೀಲ, ಕಾಲು ಎತ್ತರಿಸುವುದು ಕೂಡ ಔಷಧವೇ. ಮಲ ಸಡಿಲಿಸುವ ಔಷಧವನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ.

ಜೊತೆಗಿರುವವರಿಗೆ ಎರಡು ಮಾತು. ಮನೆಯಿಂದ ತಂದ ಹಳೆಯ ಸ್ಟ್ರಿಪ್‌ನಿಂದ, ನರಳುವುದನ್ನು ನೋಡಲಾರದೆ, ಕದ್ದು ಒಂದು ಮಾತ್ರೆ ಕೊಡಬೇಡಿ. ಆಸ್ಪತ್ರೆ ಕೊಟ್ಟ ಔಷಧದ ಮೇಲೆ ಅದು ಬಿದ್ದರೆ ಉಸಿರು ನಿಲ್ಲುವವರೆಗೂ ಹೋಗಬಹುದು. ಕರೆದರೂ ಸರಿಯಾಗಿ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾದರೆ, ಗೊರಕೆ ನಡುವೆ ದೀರ್ಘವಾಗಿ ನಿಂತರೆ, ತುಟಿ ನೀಲಿಯಾದರೆ ‘ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ’ ಎಂದುಕೊಳ್ಳದೆ ತಕ್ಷಣ ನರ್ಸ್‌ರನ್ನು ಕರೆಯಿರಿ. ಅವರ ಬಳಿ ನಲೋಕ್ಸೋನ್ ಎಂಬ ಪ್ರತಿಔಷಧ ಇರುತ್ತದೆ.

ಹೆಜ್ಜೆ 8: ಮನೆಗೆ ಹೊರಡುವ ಮುನ್ನ ನಿಲ್ಲಿಸುವ ದಿನಾಂಕ ಬರೆಸಿಕೊಳ್ಳಿ

ಡಿಸ್ಚಾರ್ಜ್ ಚೀಟಿಯಲ್ಲಿ ಒಪಿಯಾಯ್ಡ್ ಮಾತ್ರೆ ಇದ್ದರೆ ಎಷ್ಟು ದಿನ, ಯಾವ ವಾರ ಎಷ್ಟಕ್ಕೆ ಇಳಿಸಬೇಕು, ಯಾವ ದಿನ ನಿಲ್ಲಿಸಬೇಕು, ಮುಂದೆ ಯಾರು ಬರೆಯುತ್ತಾರೆ – ನಾಲ್ಕನ್ನೂ ಬರೆಸಿಕೊಳ್ಳಿ. ಈ ಒತ್ತಾಯಕ್ಕೆ ಕಾರಣವಿದೆ. ಮಿಷಿಗನ್ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ, ಆಪರೇಷನ್ ದಿನದಂದು ಒಪಿಯಾಯ್ಡ್ ಬಳಸುತ್ತಿದ್ದ ಮಂಡಿ ರೋಗಿಗಳಲ್ಲಿ ಶೇ 53.3ರಷ್ಟು ಜನ ಆರು ತಿಂಗಳ ನಂತರವೂ ಬಳಸುತ್ತಿದ್ದರು. ಬಳಸದೇ ಇದ್ದವರಲ್ಲಿ ಆ ಪ್ರಮಾಣ ಶೇ 8.2. ಸೊಂಟದ ಕೀಲಿನವರಲ್ಲಿ ಇದು ಶೇ 34.7 ಮತ್ತು ಶೇ 4.3. ಸವೆದ ಮಂಡಿಯನ್ನು ಬದಲಿಸಿದ ಮೇಲೂ ಮಾತ್ರೆ ತನ್ನಷ್ಟಕ್ಕೆ ತಾನೇ ಬಿಟ್ಟುಹೋಗುವುದಿಲ್ಲ.

ಮೂರು ತಿಂಗಳಾದರೂ ನೋವು ತಗ್ಗದಿದ್ದರೆ ಮಾತ್ರೆ ಏರಿಸುವುದು ಉತ್ತರವಲ್ಲ. ಸೋಂಕು, ಕೀಲು ಸಡಿಲವಾಗಿರುವುದು, ಬೆನ್ನಿನಿಂದಲೋ ಸೊಂಟದಿಂದಲೋ ಬರುತ್ತಿರುವ ನೋವು – ಕಾರಣ ಹುಡುಕಿಸಿ. ಜ್ವರ, ಗಾಯದಿಂದ ಸೋರುವಿಕೆ, ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ಎಷ್ಟು ಪ್ರಯತ್ನಿಸಿದರೂ ಬಿಡಲಾಗುತ್ತಿಲ್ಲ, ಪ್ರಮಾಣ ಏರುತ್ತಲೇ ಇದೆ, ಒಂದಕ್ಕಿಂತ ಹೆಚ್ಚು ಕಡೆಯಿಂದ ತರಿಸುತ್ತಿದ್ದೀರಿ ಎಂದಾದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿ ಮಾತನಾಡಬಹುದು. ವ್ಯಸನ ಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446.

ಎರಡನೆಯ ಮಂಡಿ ಬಾಕಿ ಇರುವವರಿಗೆ

ನಮ್ಮಲ್ಲಿ ಅನೇಕರಿಗೆ ಎರಡೂ ಮಂಡಿ ಸವೆದಿರುತ್ತವೆ. ಒಂದು ಈಗ, ಇನ್ನೊಂದು ಕೆಲವು ತಿಂಗಳ ನಂತರ ಎಂದು ನಿರ್ಧಾರವಾಗಿರುತ್ತದೆ. ಮೊದಲ ಮಂಡಿಯ ಚೇತರಿಕೆಯ ತಿಂಗಳುಗಳೇ ಎರಡನೆಯ ಮಂಡಿಯ ಪೂರ್ವಸಿದ್ಧತೆಯ ತಿಂಗಳುಗಳು. ‘ಹೇಗೂ ಇನ್ನೊಂದು ಆಪರೇಷನ್ ಇದೆಯಲ್ಲ, ಅದು ಮುಗಿದ ಮೇಲೆ ಒಟ್ಟಿಗೇ ಬಿಡೋಣ’ ಎಂದು ಮಾತ್ರೆ ಮುಂದುವರಿಸಿದರೆ ಎರಡನೆಯ ಸಲ ಹೆಚ್ಚು ಒಗ್ಗಿದ ದೇಹದೊಂದಿಗೆ ಟೇಬಲ್ ಏರಬೇಕಾಗುತ್ತದೆ. ಆರನೇ ವಾರದ ತಪಾಸಣೆಗೆ ಹೋಗುವಾಗ ಹೊಸದಾಗಿ ಬರೆದ ಮಾತ್ರೆಯ ಲೆಕ್ಕವನ್ನು ಜೊತೆಗೆ ಒಯ್ಯಿರಿ. ಎರಡನೆಯ ಮಂಡಿಗೆ ದಿನ ಕೇಳುವ ಮೊದಲು ಅದನ್ನು ವೈದ್ಯರ ಮುಂದಿಡಿ.